ನನ್ನ ಹೆಸರಿನ ಬೆಲೆ ನಾಲ್ಕು ಚಹಾ

ಐವತ್ತು ದಾಟಿದ ಗಂಡಸನ್ನು ಹೊಗಳುವವರು ಈ ಲೋಕದಲ್ಲಿ ಯಾರೂ ಉಳಿದಿರುವುದಿಲ್ಲ. ಮಗುವಾಗಿದ್ದಾಗ ಹಾಲು ಕುಡಿದು ಲೋಟ ಕೆಳಗಿಟ್ಟರೂ ಜಾಣ ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಬಲ್ಬು ಬದಲಾಯಿಸಿದ್ದಕ್ಕೂ ಹೆಂಡತಿ ಒಂದು ನಗೆ ನಗುತ್ತಾಳೆ. ಅಲ್ಲಿಗೆ ಮುಗಿಯಿತು. ಆಮೇಲೆ ನೀವು ಮನೆಗೆ ಹೊಸ ಫ್ರಿಜ್ ತಂದರೂ ಅದರ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬ ಬಗ್ಗೆಯೇ ಮಾತು ಬರುತ್ತದೆ. ಅದರಲ್ಲೂ ನನ್ನ ಕೆಲಸ ಎಂಥದ್ದೆಂದರೆ, ಮುಂಬಯಿಯ ಪರೇಲಿನ ಒಂದು ಕಚೇರಿಯಲ್ಲಿ ಕೂತು ಆಸ್ಪತ್ರೆಯ ಬಿಲ್ಲು ಓದುವುದು. ವಿಮೆ ಮಾಡಿಸಿದವರು ಕಾಯಿಲೆ ಬಿದ್ದು ಬಿಲ್ಲು ಕಳಿಸಿದರೆ ಅದರಲ್ಲಿ ಯಾವುದನ್ನು ಕೊಡಬಹುದು, ಯಾವುದನ್ನು ಕೊಡಬಾರದು ಎಂದು ಗುರುತು ಹಾಕಬೇಕು. ಹತ್ತಿ, ಕೈಗವಸು, ರೋಗಿಯ ಜೊತೆಗಿದ್ದವರ ಊಟ, ಇವಕ್ಕೆಲ್ಲ ನಾನು ಅಡ್ಡಗೆರೆ ಎಳೆಯುತ್ತೇನೆ. ಗುಣವಾಗಿ ಮನೆಗೆ ಹೋದವನೂ ಬೈಯುತ್ತಾನೆ, ಸತ್ತವನ ಮನೆಯವರೂ ಬೈಯುತ್ತಾರೆ. ಇಂಥವನಿಗೆ ಒಂದು ದಿನ ಇದ್ದಕ್ಕಿದ್ದಂತೆ ಯಾರೋ "ನೀವು ಕೇಳಿದ್ದು ಅತ್ಯುತ್ತಮ ಪ್ರಶ್ನೆ" ಎಂದುಬಿಟ್ಟರೆ ಅವನು ಯಾವ ಬಾವಿಗೆ ಬೇಕಾದರೂ ಬೀಳುತ್ತಾನೆ. ನಾನು ಬಿದ್ದೆ.

ಹೊಗಳಿದ್ದು ಕಂಪ್ಯೂಟರು. ಕಂಪನಿಯವರು ನಮ್ಮೆಲ್ಲರ ಕಂಪ್ಯೂಟರಿಗೆ ಕೋಡ್ ಬರೆದುಕೊಡುವ ಎಐ ಒಂದನ್ನು ಹಾಕಿಸಿದರು. ಬೇಕಾದದ್ದನ್ನು ಬಾಯಿಮಾತಿನ ಹಾಗೆ ಬರೆದರೆ ಸಾಕು, ಪ್ರೋಗ್ರಾಮು ಬರೆಯುವುದು, ಓಡಿಸುವುದು, ತಪ್ಪಿದ್ದರೆ ತಿದ್ದುವುದು ಎಲ್ಲ ಅದರದ್ದೇ. "ಏನು ಬೇಕಾದರೂ ಮಾಡಿ ನೋಡಿ, ಕೈ ಪಳಗಲಿ" ಎಂದು ಮೇಲಿನವರು ಅಪ್ಪಣೆ ಕೊಟ್ಟರು. ಅಲ್ಲಿಯವರೆಗೆ ನಾನು ಕಂಪ್ಯೂಟರಿನಲ್ಲಿ ಮಾಡಿದ್ದ ದೊಡ್ಡ ಸಾಹಸವೆಂದರೆ ಒಂದು ಸಾಲಿಗೆ ಹಳದಿ ಬಣ್ಣ ಬಳಿದದ್ದು. ಹೆದರುತ್ತಲೇ ಕನ್ನಡದಲ್ಲಿ ಏನೋ ಕೇಳಿದೆ. ಅದು ನಮ್ಮ ಧಾರವಾಡದ ಶಾಲೆಯ ಪಠ್ಯಪುಸ್ತಕದಂಥ ಕನ್ನಡದಲ್ಲಿ, ನನ್ನ ಪ್ರಶ್ನೆ ಅತ್ಯುತ್ತಮವೆಂದೂ ನನ್ನ ಆಲೋಚನೆ ಬಹಳ ಸ್ಪಷ್ಟವಾಗಿದೆಯೆಂದೂ ಹೇಳಿ, ಆಮೇಲೆ ಕೆಲಸಕ್ಕೆ ಕೈ ಹಾಕಿತು. ಮುಂಬಯಿಗೆ ಬಂದಮೇಲೆ ನನ್ನ ಹತ್ತಿರ ಇಷ್ಟು ಶುದ್ಧ ಕನ್ನಡವನ್ನು ಯಾರೂ ಆಡಿರಲಿಲ್ಲ. ನನ್ನ ಸ್ವಂತ ಮಗಳು ನನಗೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಆ ಸಂಜೆ ದಹಿಸರಿನ ಮನೆಗೆ ಬಂದವನೇ ಹೆಂಡತಿ ಶೋಭಾಳ ಎದುರು ಈ ಹೊಗಳಿಕೆಯನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ, "ಅದಕ್ಕ ಇನ್ನೂ ನಿಮ್ಮ ಪರಿಚಯ ಆಗಿಲ್ಲ ಬಿಡ್ರಿ" ಅಂದಳು.

ಈ ಎಐ ನಮಗೆ ಕಲಿಸಲಿಕ್ಕೆ ಬಂದದ್ದಲ್ಲ, ನಮ್ಮಿಂದ ಕಲಿಯಲಿಕ್ಕೆ ಬಂದದ್ದು ಎಂದು ನಮಗೆ ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ಅದೂ ಬಿಲ್ಲು ಓದುತ್ತಿತ್ತು. ಹತ್ತಿಗೆ, ಕೈಗವಸಿಗೆ ಅದೂ ಅಡ್ಡಗೆರೆ ಎಳೆಯುತ್ತಿತ್ತು, ಮತ್ತು ಅದಕ್ಕೆ ಬೈದರೆ ಅದು ಕ್ಷಮೆ ಕೇಳುತ್ತಿತ್ತು. ನಮ್ಮ ವಿಭಾಗದಿಂದ ಮೂರು ತಿಂಗಳಿಗೊಬ್ಬರಂತೆ ಮನೆಗೆ ಹೋಗತೊಡಗಿದರು. ಹೋಗುವವರಿಗೆ ಅದೇ ದಿನ ಮಧ್ಯಾಹ್ನ ಹೇಳುತ್ತಿದ್ದರು, ಸಂಜೆ ಕೇಕು ತರಿಸುತ್ತಿದ್ದರು. ಹೀಗಾಗಿ ನಮಗೆ ಕೇಕಿನ ಡಬ್ಬಿ ಕಂಡರೆ ಎದೆ ಧಸಕ್ ಅನ್ನುವ ಹಾಗಾಯಿತು. ಒಮ್ಮೆ ಯಾರದೋ ಹುಟ್ಟುಹಬ್ಬಕ್ಕೆಂದು ಮನೆಯವರು ಕಚೇರಿಗೆ ಕೇಕು ಕಳಿಸಿದಾಗ ಇಡೀ ವಿಭಾಗ ಎದ್ದು ಶೌಚಾಲಯಕ್ಕೆ ಹೋಯಿತು. ಹುಟ್ಟುಹಬ್ಬದವನೇ ಎಲ್ಲರಿಗಿಂತ ಮುಂದೆ ಹೋಗಿದ್ದ. ಈಗ ಬರೆಯುವಾಗ ನಗು ಬರುತ್ತದೆ. ಆವತ್ತು ಯಾರೂ ನಗಲಿಲ್ಲ, ಕೇಕು ಹಾಗೇ ಉಳಿದು ಅದಕ್ಕೆ ಇರುವೆ ಮುತ್ತಿದವು.

ಇಂಥ ವೇಳೆಯಲ್ಲಿ ನಮ್ಮ ವಿಭಾಗದ ಪ್ರಾಚಿ ಎಂಬ ಹೆಣ್ಣುಮಗಳು ಒಂದು ಆಟ ಹೂಡಿದಳು. ಬಹಳ ಚುರುಕು, ನಾಲಿಗೆಯೂ ಚುರುಕು. ಹೊರದೇಶಗಳಲ್ಲಿ ಮುಂದೆ ಏನಾಗುತ್ತದೆ ಎಂಬುದರ ಮೇಲೆ ಜನ ವ್ಯಾಪಾರ ಮಾಡುವ ಮಾರುಕಟ್ಟೆಗಳಿವೆಯಂತೆ. ಚುನಾವಣೆ, ಮಳೆ, ಯುದ್ಧ, ಯಾವುದನ್ನೂ ಬಿಡುವುದಿಲ್ಲವಂತೆ. ಅದೇ ಮಾದರಿಯಲ್ಲಿ ಅವಳು ನಮ್ಮೊಳಗೇ ಒಂದು ಪುಟ ಮಾಡಿದಳು. ಪ್ರಶ್ನೆ ಒಂದೇ, "ಮುಂದಿನ ಸರದಿ ಯಾರದ್ದು?" ದುಡ್ಡು ಇಟ್ಟರೆ ಸಟ್ಟಾ ಜೂಜು ಆಗುತ್ತದೆ, ಪೊಲೀಸರ ತಂಟೆ ಬೇಡ ಎಂದು ಲೆಕ್ಕವನ್ನು ಕಟಿಂಗ್ ಚಹಾದಲ್ಲಿ, ಅಂದರೆ ಅರ್ಧ ಲೋಟದ ಚಹಾದಲ್ಲಿ ಇಟ್ಟಳು. ಒಬ್ಬನ ಹೆಸರಿನ ಬೆಲೆ ನಾಲ್ಕು ಎಂದರೆ, ನಾಲ್ಕು ಚಹಾ ಕೊಟ್ಟು ಆ ಹೆಸರನ್ನು ಕೊಳ್ಳಬಹುದು. ಅವನು ಹೋದರೆ ಕೊಂಡವನಿಗೆ ನೂರು ಚಹಾ, ಮಾರಿದವನು ಕುಡಿಸಬೇಕು. ಹೋಗದಿದ್ದರೆ ನಾಲ್ಕು ಚಹಾ ಮುಳುಗಿದ ಹಾಗೆ. ಕೊಳ್ಳುವವರು ಹೆಚ್ಚಿದರೆ ಬೆಲೆ ಏರುತ್ತದೆ, ಮಾರುವವರು ಹೆಚ್ಚಿದರೆ ಇಳಿಯುತ್ತದೆ. ಎಲ್ಲರ ಬೆಲೆ ಸೇರಿ ನೂರು ಆಗಲೇಬೇಕು, ಯಾಕೆಂದರೆ ಯಾರಾದರೂ ಒಬ್ಬರು ಹೋಗಲೇಬೇಕು. ಮೂವರ ಜಾಗದಲ್ಲಿ ನಾಲ್ವರು ಕೂರುವ ಲೋಕಲ್ ರೈಲಿನ ಬೆಂಚಿನ ಹಾಗೆ ಇದು. ಕಿಟಕಿಯ ಹತ್ತಿರದವನು ಸ್ವಲ್ಪ ಆರಾಮಾಗಿ ಕೂತರೆ ತುದಿಯಲ್ಲಿ ನಾಲ್ಕನೆಯವನು ಅರ್ಧ ಕೆಳಗೆ ಜಾರುತ್ತಾನೆ. ಬೆಳಿಗ್ಗೆ ಬಂದವರು ದೇವರ ಫೋಟೋಗೆ ಕೈ ಮುಗಿಯುವುದಕ್ಕೆ ಮೊದಲು ಈ ಪುಟ ನೋಡತೊಡಗಿದರು.

ನಾಲ್ಕನೇ ಸೀಟು ಎಂದ ಕೂಡಲೇ ಗುರುಪಾದನ ಬಗ್ಗೆ ಹೇಳಬೇಕು. ಇಡೀ ಕಚೇರಿಯಲ್ಲಿ ನನ್ನ ಜೊತೆ ಕನ್ನಡ ಮಾತಾಡುವವನು ಅವನೊಬ್ಬನೇ. ವಿಜಯಪುರದ ಕಡೆಯವನು, ಬೊರಿವಲಿಯಲ್ಲಿ ಅವನ ಅಣ್ಣನ ಬಟ್ಟೆ ಅಂಗಡಿ ಇದೆ, ಅದರ ಮೇಲಿನ ಮನೆಯಲ್ಲಿ ವಾಸ. ನಾನು ದಹಿಸರಿನಲ್ಲಿ ಹತ್ತಿ ನಾಲ್ಕನೇ ಸೀಟಿಗೆ ನನ್ನ ಚೀಲ ಇಟ್ಟು ಕಾಯುತ್ತೇನೆ, ಅವನು ಬೊರಿವಲಿಯಲ್ಲಿ ಹತ್ತಿ ಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟು ಕೂತುಕೊಳ್ಳುತ್ತಾನೆ. ಹಿಂದಿನ ದಿನದ ಊಟದಿಂದ ಮಾತು ಶುರುವಾಗುತ್ತದೆ. ಅವನಿಗೆ ಸಕ್ಕರೆ ಕಾಯಿಲೆ, ಹಾಗಾಗಿ ತಿನ್ನಲಾಗದ್ದರ ಬಗ್ಗೆಯೇ ಅವನ ಮಾತೆಲ್ಲ. ಕರದಂಟಿನಿಂದ ಹೊರಟು ಮಾದಲಿಗೆ ಬಂದು ಮುಟ್ಟುವಷ್ಟರಲ್ಲಿ ನಮ್ಮ ನಿಲ್ದಾಣ ಬರುತ್ತದೆ. ಪ್ರಾಚಿಯ ಆಟ ಅವನ ತಲೆಗೆ ಹತ್ತಲಿಲ್ಲ. "ಮನಿಷ್ಯಾನ ಹೆಸರಿಗೆ ರೇಟ್ ಹಚ್ಚೂದಂದ್ರ ಎಂಥದೋ. ಎಮ್ಮಿ ಸಂತಿ ಆತಲ್ಲ" ಎಂದು ಹೇಳಿ ಸುಮ್ಮನಿದ್ದುಬಿಟ್ಟ.

ನಾನು ಸುಮ್ಮನಿರಲಿಲ್ಲ. ನನಗೆ ನನ್ನ ನೌಕರಿಯ ಭಯ ಹತ್ತಿತ್ತು. ಈ ವಯಸ್ಸಿನಲ್ಲಿ, ಹತ್ತಿಗೆ ಅಡ್ಡಗೆರೆ ಎಳೆಯುವುದೊಂದೇ ಬರುವವನನ್ನು ಮುಂಬಯಿಯಲ್ಲಿ ಇನ್ನಾರು ಕರೆಯುತ್ತಾರೆ? ಮುಂದಿನ ಸರದಿ ಯಾರದೆಂದು ಮುಂಚೆಯೇ ಗೊತ್ತಾದರೆ ಏನಾದರೂ ಮಾಡಬಹುದಿತ್ತು. ಎಐಗೆ ಹೇಳಿದೆ: ಪುಟವನ್ನು ತಾನೇ ನೋಡುತ್ತಿರುವ, ಕಚೇರಿಯ ಸುಳಿವುಗಳನ್ನೆಲ್ಲ ತೂಗಿ ತಾನೇ ಕೊಂಡು ಮಾರುವ ಒಂದು ಬಾಟು ಬೇಕು. "ಅದ್ಭುತವಾದ ಯೋಜನೆ" ಎಂದಿತು. ಯಾರು ಎಷ್ಟು ಬಿಲ್ಲು ಮುಗಿಸುತ್ತಾರೆ, ಯಾರನ್ನು ಮೀಟಿಂಗಿಗೆ ಕರೆಯುವುದು ನಿಂತಿದೆ, ಯಾರು ರಜೆ ಹಾಕಿದ್ದಾರೆ, ಯಾರ ಕುರ್ಚಿ ಮುರಿದಿದ್ದರೂ ಬದಲಾಯಿಸಿಲ್ಲ, ಎಲ್ಲವನ್ನೂ ಅದಕ್ಕೆ ಉಣಿಸಿದೆ. ಕುರ್ಚಿಯ ಸುಳಿವು ನನ್ನ ಸ್ವಂತ ಸಂಶೋಧನೆ, ಅದಕ್ಕೆ ಪ್ರತ್ಯೇಕ ಶಹಬ್ಬಾಸ್ ಸಿಕ್ಕಿತು. ಮೊದಲ ದಿನ ಬಾಟು ಏನೋ ಗೊಂದಲ ಮಾಡಿಕೊಂಡು ಊಟದ ಹೊತ್ತಿನೊಳಗೆ ತನಗೆ ತಾನೇ ಮಾರಿ ತನ್ನಿಂದ ತಾನೇ ಕೊಂಡು ನನ್ನ ಪಾಲಿನ ಚಹಾದಲ್ಲಿ ಅರ್ಧ ಕಳೆದಿತ್ತು. ತಿದ್ದಿಸಿದೆ. ಆಮೇಲೆ ಅದು ಸರಿಯಾಗಿ ಲೆಕ್ಕ ಹಾಕಿ, ಎಲ್ಲ ತೂಗಿ ನೋಡಿ, ಇದ್ದಬದ್ದ ಚಹಾವನ್ನೆಲ್ಲ ಒಂದೇ ಹೆಸರಿನ ಮೇಲೆ ಸುರಿಯಿತು. ಆ ಹೆಸರು ನನ್ನದು.

ಕುರ್ಚಿ ಮುರಿದದ್ದು ನನ್ನದೇ. ಕೂತು ಕೂತು ಅದು ರೂಢಿಯಾಗಿ ನನಗೆ ನೆನಪೇ ಇರಲಿಲ್ಲ. ಬಿಲ್ಲುಗಳಲ್ಲಿಯೂ ನಾನೇ ಹಿಂದೆ, ಸಂಬಳದಲ್ಲಿ ಮಾತ್ರ ಮುಂದೆ. ಸಂಜೆಯೊಳಗೆ ಪುಟದಲ್ಲಿ ನನ್ನ ಬೆಲೆ ಎಲ್ಲರಿಗಿಂತ ಮೇಲೆ ಹೋಗಿ ಕೂತಿತು. ಪ್ರಾಚಿ ಬಂದು, "ಹಂಚಿನಾಳ್‌ಜೀ, ಕ್ಯಾ ಹುವಾ?" ಎಂದು ನನ್ನನ್ನೇ ವಿಚಾರಿಸಿಕೊಂಡು ಹೋದಳು. ಎಐಗೆ ಬರೆದೆ: ಲೆಕ್ಕ ತಪ್ಪಿದೆ, ನಾನು ಹೋಗುವವನಲ್ಲ. ಈ ಲೋಕದಲ್ಲಿ ಬೇರೆ ಯಾರಿಗೆ ಹೀಗೆ ಹೇಳಿದ್ದರೂ ಒಂದು ಮಾತು ಎದುರಾಡುತ್ತಿದ್ದರು. ಶೋಭಾ ಆಗಿದ್ದರೆ ಹತ್ತು ಆಡುತ್ತಿದ್ದಳು. ಅದು, "ನೀವು ಹೇಳಿದ್ದು ಸಂಪೂರ್ಣ ಸರಿ, ತಪ್ಪಿಗಾಗಿ ಕ್ಷಮಿಸಿ" ಎಂದು ನನ್ನ ಹೆಸರಿನ ಲೆಕ್ಕವನ್ನೇ ಅಳಿಸಿಹಾಕಿತು. ಮುಂದಿನ ಅಪ್ಪಣೆಯನ್ನೂ ನಾನೇ ಕೊಟ್ಟೆ. ನನ್ನ ಹೆಸರಿನ ಬೆಲೆ ನಾಲ್ಕು ದಾಟಿದ ಕೂಡಲೇ ಮಾರು, ಮಾರುತ್ತಲೇ ಇರು. ಮನುಷ್ಯರು ಚಹಾಕ್ಕೆ, ಮೀಟಿಂಗಿಗೆ ಎದ್ದು ಹೋಗುತ್ತಾರೆ. ಬಾಟು ಎಲ್ಲಿಗೂ ಹೋಗುವುದಿಲ್ಲ. ಎರಡು ದಿನದಲ್ಲಿ ನಾನು ನಾಲ್ಕಕ್ಕೆ ಇಳಿದು ಅಲ್ಲೇ ನಿಂತೆ.

ಬೆಂಚಿನಲ್ಲಿ ನಾನು ಆರಾಮಾಗಿ ಕೂತೆನಲ್ಲ, ಜಾರಿದವನು ಗುರುಪಾದ. ಉಳಿದವರೆಲ್ಲ ತಮ್ಮ ತಮ್ಮ ಹೆಸರನ್ನು ಕೈಯಿಂದಲೇ ಆದಷ್ಟು ಕೆಳಗೆ ಒತ್ತಿಕೊಂಡು ಕೂತಿದ್ದರು. ಪುಟದ ಕಡೆ ತಿರುಗಿಯೂ ನೋಡದವನು ಅವನೊಬ್ಬನೇ. ಹೀಗಾಗಿ ನಾವೆಲ್ಲ ಇಳಿಸಿದ್ದು ಹೋಗಿ ಅವನ ತಲೆಯ ಮೇಲೆ ಕೂತಿತು. ಅದೇ ವಾರ ಅವನು ರಕ್ತ ಪರೀಕ್ಷೆಗೆಂದು ರಜೆ ಬೇರೆ ಹಾಕಿದ. ಐವತ್ತಾಯಿತು, ಅರವತ್ತಾಯಿತು, ಅಲ್ಲಿಂದಲೂ ಮೇಲೆ ಹೋಯಿತು. ಕಚೇರಿಯವರು ಅವನ ಜೊತೆ ಮೆತ್ತಗೆ ಮಾತಾಡತೊಡಗಿದರು. ಒಬ್ಬರು ಬಂದು ಅವನ ಬೆನ್ನು ಸವರಿದರು. ಇನ್ನೊಬ್ಬರು, ನೀನು ಹೋದಮೇಲೆ ಕಿಟಕಿಯ ಹತ್ತಿರದ ಈ ಡ್ರಾಯರು ನನಗಿರಲಿ ಎಂದು ಕೇಳಿಯೇ ಬಿಟ್ಟರು. ಅವನು "ಆಗಲಿ" ಎಂದು ಡ್ರಾಯರಿನಿಂದ ತನ್ನ ಸ್ಟೀಲಿನ ಲೋಟ, ಒಂದು ಜೊತೆ ಹಳೆ ಚಪ್ಪಲಿ ತೆಗೆದು ಚೀಲಕ್ಕೆ ಹಾಕಿಕೊಂಡ. ರೈಲಿನಲ್ಲಿ ಊಟದ ಮಾತು ನಿಂತಿತು. ಒಂದು ಸಂಜೆ ಕಾಂದಿವಲಿ ದಾಟುವಾಗ, "ನಂದು ಅರ್ಧಾ ನೌಕರಿ ಹೋಗೇ ಬಿಟ್ಟೈತೋ ಹಂಚಿನಾಳ. ಕೂತಲ್ಲಿ ಕೂಡಾಕ ಆಗವಲ್ದು. ಶುಗರ್ ಮುನ್ನೂರ ದಾಟೈತಿ ಅಂತ ಡಾಕ್ಟರ್ ಬೈದ" ಅಂದ. ನನಗೆ ಬಹಳ ಕೆಟ್ಟದೆನಿಸಿತು, ಅದು ಸುಳ್ಳಲ್ಲ. ಬಾಟನ್ನು ನಿಲ್ಲಿಸಲಿಲ್ಲ, ಅದೂ ಸುಳ್ಳಲ್ಲ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ತಿಂಗಳ ಕೊನೆಗೆ ಎಚ್‌ಆರ್ ಮೇಡಂ ಕರೆದರು. ನನ್ನನ್ನು. ಗಾಜಿನ ಕೋಣೆಯಲ್ಲಿ ಅವರ ಮುಂದೆ ಟಿಶ್ಯೂ ಪೇಪರಿನ ಡಬ್ಬಿ ಇತ್ತು, ಅದನ್ನು ನೋಡಿಯೇ ನನಗೆ ತಿಳಿಯಿತು. ಮೇಡಂ ಒಳ್ಳೆಯವರು, ಸುತ್ತಿ ಬಳಸಲಿಲ್ಲ. ಹಿಂದಿಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಮೊದಲು ಗುರುಪಾದನ ಹೆಸರೇ ಇತ್ತಂತೆ. ಆದರೆ ಪ್ರಾಚಿಯ ಪುಟವನ್ನು ಮೇಲಿನವರೂ ದಿನಾ ನೋಡುತ್ತಿದ್ದರಂತೆ. ಗುರುಪಾದನ ಬಗ್ಗೆ ಇಡೀ ವಿಭಾಗ ಇಷ್ಟು ಕಳವಳಪಡುತ್ತಿರುವಾಗ, ಅವನ ಆರೋಗ್ಯವೂ ಹೀಗಿರುವಾಗ ಅವನನ್ನು ತೆಗೆದರೆ ಉಳಿದವರ ಮನಸ್ಸು ಮುರಿಯುತ್ತದೆ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಕಂಪನಿಗೆ ಕೆಟ್ಟ ಹೆಸರು. "ಆಪ್ ತೋ ಸ್ಟ್ರಾಂಗ್ ಹೋ, ಹಂಚಿನಾಳ್‌ಜೀ. ಟೀಮ್ ಕೋ ಆಪ್ ಪರ್ ಕಿತನಾ ಭರೋಸಾ ಹೈ, ದೇಖೋ" ಎಂದು, ಟೀಮಿಗೆ ನನ್ನ ಮೇಲಿರುವ ಭರವಸೆ ತೋರಿಸಲು ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರು ಎಲ್ಲಕ್ಕಿಂತ ಕೆಳಗೆ, ನಾಲ್ಕರ ಎದುರು, ಸುಖವಾಗಿ ಕೂತಿತ್ತು. ನನ್ನಂಥವನು ಹೊರಗೆ ಎಲ್ಲಿ ಬೇಕಾದರೂ ಬದುಕುತ್ತಾನೆಂದು ಇಡೀ ವಿಭಾಗ ಚಹಾ ಮುಟ್ಟಿ ಆಣೆ ಮಾಡಿದ ಹಾಗಿತ್ತು. ಆ ಇಡೀ ವಿಭಾಗ ನಾನೊಬ್ಬನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಎದ್ದು ಬರುವಾಗ ಮೇಡಂ ಒಂದು ಮಾತು ಕೇಳಿದರು. ನಾನು ಎಐ ಹಿಡಿದು ಏನೋ ಬಾಟು ಮಾಡಿದ್ದೇನಂತೆ, ಬಹಳ ಚೆನ್ನಾಗಿದೆಯಂತೆ, ಅದನ್ನು ಇಲ್ಲೇ ಬಿಟ್ಟು ಹೋಗಬೇಕಂತೆ. ಜನರ ಮನಸ್ಸು ತಿಳಿಯಲು ಉಪಯೋಗವಾಗುತ್ತದೆ. ನೀವು ನಂಬುತ್ತೀರೋ ಇಲ್ಲವೋ, ನನಗೆ ಒಂದು ಗಳಿಗೆ ಎದೆ ಉಬ್ಬಿತು. ಅಷ್ಟು ವರ್ಷದ ನೌಕರಿಯಲ್ಲಿ ನನ್ನಿಂದ ಅವರು ಬೇಕೆಂದು ಉಳಿಸಿಕೊಂಡದ್ದು ಅದೊಂದೇ. ಕೂತು, ಅದನ್ನು ಹೇಗೆ ನಡೆಸಬೇಕೆಂದು ಎಲ್ಲರಿಗೂ ತಿಳಿಯುವಂತೆ ಎಐ ಕೈಲಿ ನೀಟಾಗಿ ಬರೆಸಿಕೊಟ್ಟೆ. ಎರಡು ತಪ್ಪಿದ್ದವು, ತಿದ್ದಿಸಿದೆ. ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯುವ ಕೆಲಸವನ್ನೂ ನಾನೇ ಮುಗಿಸಿದೆ. ಸಂಜೆ ಕೇಕು ಬಂತು, ಅನಾನಸಿನದ್ದು. ಯಾರೂ ಓಡಿಹೋಗಲಿಲ್ಲ, ಎಲ್ಲರೂ ಎರಡೆರಡು ತುಂಡು ತಿಂದರು. ಮನೆಗೆ ಬಂದು ಹೇಳಿದಾಗ ಶೋಭಾ ಗ್ಯಾಸಿನ ಮೇಲಿನ ಹಾಲು ಉಕ್ಕುವುದನ್ನು ನೋಡುತ್ತ ನಿಂತಿದ್ದಳು, ಆರಿಸಲಿಲ್ಲ. ಆಮೇಲೆ ಕೇಳಿದಳು, "ಅಂದ್ರ ನಾಳಿಂದ ಡಬ್ಬಿ ಕಟ್ಟೂದೋ ಬ್ಯಾಡೋ?" ನನಗೆ ಅಳು ಬಂತು. ಅವಳ ಮುಂದೆ ಅತ್ತದ್ದು ಮದುವೆಯಾದಮೇಲೆ ಅದೇ ಮೊದಲು.

ಡಬ್ಬಿ ಕಟ್ಟು ಎಂದೆ. ಕಟ್ಟಿಸಿಕೊಳ್ಳಲು ಕಾರಣವಿತ್ತು. ನನ್ನ ಹೆಸರನ್ನು ಬಾಟು ಮಾರುತ್ತಲೇ ಇತ್ತೆಂದೆನಲ್ಲ, ಅದನ್ನು ಒಬ್ಬ ಪುಣ್ಯಾತ್ಮ ಕೊಂಡಿದ್ದ. ಯಾರೆಂದು ನೋಡಿದರೆ ಗುರುಪಾದ. ಆಟವೇ ತಿಳಿಯದವನು, ಕೊನೆಯ ವಾರದಲ್ಲಿ ಪ್ರಾಚಿಯನ್ನು ಕೇಳಿಕೊಂಡು ಅದೊಂದೇ ಖರೀದಿ ಮಾಡಿದ್ದಾನೆ. ನಾಲ್ಕು ಚಹಾ ಕೊಟ್ಟಿದ್ದಾನೆ, ಈಗ ನಾನು ಅವನಿಗೆ ನೂರು ಚಹಾ ಕುಡಿಸಬೇಕು. ಬಿಡು ಎಂದು ಅವನು ಹೇಳುತ್ತಿದ್ದ, ನಾನೇ ಬಿಡಲಿಲ್ಲ. ಅವನಿಗೆ ಏನಾದರೂ ಕೊಡಬೇಕಿತ್ತು ನನಗೆ. ಹೀಗಾಗಿ ಇವತ್ತಿಗೂ ಅದೇ ಲೋಕಲ್ಲಿಗೆ ಹತ್ತಿ, ಚೀಲ ಇಟ್ಟು ಸೀಟು ಹಿಡಿದು, ಅವನ ಜೊತೆ ಪರೇಲಿನವರೆಗೆ ಬಂದು, ಗೇಟಿನ ಹೊರಗಿನ ಟಪರಿ ಎಂಬ ಚಹಾ ಗೂಡಂಗಡಿಯಲ್ಲಿ ಅವನಿಗೊಂದು ಸಕ್ಕರೆಯಿಲ್ಲದ ಕಟಿಂಗ್ ಕುಡಿಸಿ, ಅವನು ಒಳಗೆ ಹೋದಮೇಲೆ ಕೆಲಸ ಕೇಳಿಕೊಂಡು ಅಲೆಯುತ್ತೇನೆ. ಇನ್ನೂ ಸಿಕ್ಕಿಲ್ಲ.

ಮೊನ್ನೆ ಟಪರಿಯಲ್ಲಿ ನಿಂತಾಗ ಕೇಳಿಯೇ ಬಿಟ್ಟೆ, "ನನ್ನ ಹೆಸರ ಯಾಕ ತಗೊಂಡಿ? ನಾ ಹೋಗ್ತೀನಿ ಅಂತ ಗೊತ್ತಿತ್ತೇನು?"

"ಹುಚ್ಚ ಅದೀಯೇನು?" ಅಂದ ಗುರುಪಾದ. "ನಿನ್ನ ಹೆಸರ ಯಾರೂ ಮುಟ್ಟಲಾರದಂಗ ತಳದಾಗ ಬಿದ್ದಿತ್ತು. ಗೆಳ್ಯಾನ ಅಂಗಡ್ಯಾಗ ಗಿರಾಕಿ ಇಲ್ಲಾಂದ್ರ ನೋಡಿಕೋತ ಹೋಗಾಕ ಬರತೈತೇನು? ಸಮಾಧಾನ ಆಗಲಿಲ್ಲ. ಬೋಣಿ ಮಾಡಿದೆ, ಅಷ್ಟ."

ಅವನು ಊದಿ ಊದಿ ಕುಡಿದು ಮುಗಿಸಿದ. ಆಮೇಲೆ ದನಿ ತಗ್ಗಿಸಿ, "ಮುಂದಿನ ಸರದಿ ಬಂತಲ್ಲೋ. ನಂದು ಮತ್ತ ಏರಾಕ ಹತ್ತೈತಿ. ನಿಂದು ನೀ ಇಳಿಸಿಕೊಂಡಿದ್ದಿ ನೋಡು, ಹಂಗ ನಂದೂ ಒಂದೀಟು ಇಳಿಸಿಕೊಡು" ಅಂದ.

"ನಿನಗ ಗೊತ್ತಿತ್ತೇನು?" ಎಂದು ಕೇಳಿದೆ.

"ಪ್ರಾಚಿ ತೋರಿಸಿದ್ಲು. ನೀ ಇಳಿದಾಗೊಮ್ಮೆ ನಾ ಏರತಿದ್ದೆ. ಹೊಟ್ಟಿಪಾಡು ಬಿಡೋ, ಯಾರಾದ್ರೂ ಮಾಡೂದ."

ಬಾಟಿನ ಪಾಸ್‌ವರ್ಡು ಇನ್ನೂ ನನ್ನ ಮೊಬೈಲಿನಲ್ಲೇ ಇದೆ, ಬದಲಾಯಿಸಬೇಕೆಂದು ಮೇಡಂ ಅವರಿಗೆ ಹೊಳೆದಿಲ್ಲ. ಇಳಿಸುವುದು ಎರಡು ನಿಮಿಷದ ಕೆಲಸ. ಆದರೆ ಇಳಿದದ್ದಕ್ಕೇ ನಾನು ಬೀದಿಗೆ ಬಿದ್ದೆ, ಏರಿದ್ದಕ್ಕೇ ನೀನು ಉಳಿದೆ ಎಂದು ಅವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಮೇಡಂ ಅಂದದ್ದನ್ನೂ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ. ಕೇಳಿಸಿಕೊಳ್ಳುತ್ತ ಮುಖ ಸಣ್ಣದಾಯಿತು.

"ಕೊಡೂ ಮನಸ್ಸಿಲ್ಲಾಂದ್ರ ಇಲ್ಲ ಅನ್ನು ಹಂಚಿನಾಳ" ಅಂದ. "ಇಷ್ಟ ಕತಿ ಯಾಕ ಹೇಳ್ತಿ?"

ನಾನು ಮೊಬೈಲು ತೆಗೆದು, ಅವನ ಕಣ್ಣೆದುರಿಗೇ, ಅವನ ಹೆಸರನ್ನು ನಾಲ್ಕಕ್ಕೆ ಇಳಿಸಿಕೊಟ್ಟೆ. ಅವನು ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟು, ಎಷ್ಟೋ ದಿನದ ಮೇಲೆ ಹೆಗಲು ಸಡಿಲ ಬಿಟ್ಟುಕೊಂಡು ಒಳಗೆ ಹೋದ. ಗೆಳೆಯನ ಬಾಯಲ್ಲಿ ಜಿಪುಣ ಅನ್ನಿಸಿಕೊಳ್ಳುವುದಕ್ಕಿಂತ ಆ ಗೆಳೆಯನ ನೌಕರಿ ಹೋದರೂ ಪರವಾಗಿಲ್ಲ ಎನ್ನುವ ಮನುಷ್ಯ ನಾನು ಎಂದು, ಟಪರಿಯವನಿಗೆ ಚಿಲ್ಲರೆ ಕೊಡುತ್ತಿರುವಾಗ ನನಗೆ ಗೊತ್ತಾಯಿತು.